ಕಲಬುರಗಿಯ ತಾರಸಿಯಲ್ಲಿ ಬಸಳೆ

ವ್ಯಾಯಾಮಕ್ಕೆಂದು ನಡೆಯುವುದು ನನಗೆ ಯಾವ ಕಾಲಕ್ಕೂ ಒಗ್ಗಿದ್ದಲ್ಲ. ಬಿಳಿ ಬೂಟು ತೊಟ್ಟು, ಕೈ ಬೀಸಿಕೊಂಡು, ಒಂದೇ ಮೈದಾನವನ್ನು ಸುತ್ತುವವರನ್ನು ಕಂಡರೆ ಗಾಣದ ಎತ್ತಿನ ನೆನಪಾಗುತ್ತದೆ. ಎತ್ತಾದರೂ ಸುತ್ತಿದ್ದಕ್ಕೆ ಒಂದಿಷ್ಟು ಎಣ್ಣೆ ತೆಗೆಯುತ್ತದೆ. ಬ್ರಹ್ಮಾವರದ ನಮ್ಮ ಮನೆಯಲ್ಲಿ ಬಾವಿಕಟ್ಟೆ, ಕೊಟ್ಟಿಗೆ, ತೋಟ ಎಂದು ಓಡಾಟಕ್ಕೆ ಕೊರತೆ ಇರಲಿಲ್ಲ. ಆದರೆ ಆ ಓಡಾಟವೆಲ್ಲ ಅತ್ತೆಯದು. ನನ್ನದು ಬ್ಯಾಂಕು, ಬಸ್ಸು, ಕುರ್ಚಿ.

ನಲವತ್ತೇಳನೆಯ ವಯಸ್ಸಿನಲ್ಲಿ ಬಡ್ತಿ ಬಂತು. ನಮ್ಮ ಕೆಲಸದಲ್ಲಿ ಬಡ್ತಿ ಎಂದರೆ ಪೆಟ್ಟಿಗೆ ಕಟ್ಟು ಎಂದೇ ಅರ್ಥ. ಆದೇಶದಲ್ಲಿ ಕಲಬುರಗಿ ಎಂದಿತ್ತು. ಅದೇ ವಾರ ಮಾಡಿಸಿದ್ದ ರಕ್ತಪರೀಕ್ಷೆಯ ವರದಿಯೂ ಕೈಸೇರಿತು. ಎಚ್‌ಬಿಎ1ಸಿ 6.1. ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಮಧುಮೇಹವೇ. ಮಾತ್ರೆ ಈಗಲೇ ಬೇಡ, ವಾರಕ್ಕೆ 150 ನಿಮಿಷವಾದರೂ ಮೈ ಬೆಚ್ಚಗಾಗುವಷ್ಟು ನಡೆಯಿರಿ, ಮುಖ್ಯವಾಗಿ ರಾತ್ರಿ ಊಟವಾದ ಮೇಲೆ ಕೂರಬೇಡಿ ಎಂದರು ಡಾಕ್ಟರು. ಊಟದ ಬೆನ್ನಿಗೇ ಕಾಲಿಗೆ ಕೆಲಸ ಕೊಟ್ಟರೆ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಏರಿಕೆ ಅಷ್ಟು ಕಡಿದಾಗಿರುವುದಿಲ್ಲ ಎಂದು ವಿವರಿಸಿಯೂ ಹೇಳಿದರು. ತಲೆಯಾಡಿಸಿ ಬಂದೆ.

ಕಲಬುರಗಿಗೆ ಬಂದಿಳಿದದ್ದು ಜೂನ್ ಆರಂಭದಲ್ಲಿ. ನಮ್ಮ ಉಡುಪಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ ಇಲ್ಲಿ ಅದರ ಐದನೆಯ ಒಂದು ಪಾಲು ಬಿದ್ದರೂ ಜನ ಒಳ್ಳೆಯ ಮಳೆಯೆನ್ನುತ್ತಾರೆ. ಒಂದು ಮನೆಯ ಮಹಡಿಯ ಮೇಲೆ ಎರಡು ಕೋಣೆ ಸಿಕ್ಕವು. ಕೆಳಗೆ ಮನೆಯೊಡತಿ, ಅರುವತ್ತೈದು ದಾಟಿದ ಅವ್ವ, ಒಬ್ಬರೇ. ಮೇಲೆ ಬಟಾಬಯಲಾದ ತಾರಸಿ. ಮೊದಲ ತಿಂಗಳುಗಳು ಹೇಳಿಕೊಳ್ಳುವಂತಿರಲಿಲ್ಲ. ಮೆಸ್ಸಿನ ಊಟ, ಶಾಖೆಗೆ ತಾಸಿಗೊಮ್ಮೆ ಬರುವ ಸಕ್ಕರೆ ತುಂಬಿದ ಚಹಾ, ಸಂಜೆಗೆ ಫೋನು. ಭಾನುವಾರದ ಮಧ್ಯಾಹ್ನಗಳ ಬಗ್ಗೆ ಏನೂ ಬರೆಯುವುದಿಲ್ಲ. ಮನೆ ಬಿಟ್ಟು ದುಡಿಯುವವರಿಗೆ ಅವು ಗೊತ್ತಿರುವವೇ.

ಡಾಕ್ಟರ ಮಾತಿಗೆ ಬೆಲೆ ಕೊಟ್ಟು ಅಪ್ಪನ ಕೆರೆಯ ದಂಡೆಯಲ್ಲಿ ನಡೆಯತೊಡಗಿದ್ದೆ. ಶರಣಬಸವೇಶ್ವರ ಗುಡಿಗೆ ಬರುವವರೆಲ್ಲರಿಗೂ ಗೊತ್ತಿರುವ ಕೆರೆ ಅದು. ಜಾಗಕ್ಕೇನೂ ಕೊರತೆಯಿಲ್ಲ, ಗಾಳಿ ಚೆನ್ನಾಗಿದೆ. ಆದರೂ ಗಡಿಯಾರ ನೋಡಿಕೊಂಡು ನಡೆಯುವವಳಿಗೆ ಗಡಿಯಾರವೇ ಕಾಣುತ್ತದೆ. ಒಂದು ದಿನ ಕೆರೆಗೆ ಹೋಗುವ ಬದಲು ಚೀಲ ಹಿಡಿದು ಕಣ್ಣಿ ಮಾರುಕಟ್ಟೆಯತ್ತ ಕಾಲು ಹಾಕಿದೆ. ಸೂರ್ಯ ಏರುವ ಮುಂಚೆ ಅಲ್ಲಿ ಗೋಣಿತಾಟಿನ ಮೇಲೆ ಸೊಪ್ಪು ಹರವಿ ಕುಳಿತಿರುತ್ತಾರೆ. ರಾಜಗಿರಿ, ಮೆಂತ್ಯೆ, ಸಬ್ಬಸಿಗೆ, ಪುಂಡಿ, ಚಳಿಗಾಲವಾದರೆ ಹಕ್ಕರಿಕೆ. ಹಕ್ಕರಿಕೆಯನ್ನು ಬೇಯಿಸುವ ಗೋಜಿಲ್ಲ. ತೊಳೆದು, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಜೊತೆ ರೊಟ್ಟಿಗೆ ಹಚ್ಚಿಕೊಂಡು ಹಸಿಯಾಗಿಯೇ ತಿನ್ನುವುದು. ಕರಾವಳಿಯಲ್ಲಿ ಹಸಿ ಸೊಪ್ಪು ತಿನ್ನುವವರನ್ನು ನಾನು ಕಂಡದ್ದು ಕಡಿಮೆ. ಅದಕ್ಕೇ ಮೊದಲ ಸಲ ಅನುಮಾನದಿಂದಲೇ ಬಾಯಿಗಿಟ್ಟೆ. ಎಲೆ ಸ್ವಲ್ಪ ಕಹಿ, ಹಿಂದೆಯೇ ಹಿಂಡಿಯ ಖಾರ, ಕೊನೆಗೆ ಮೊಸರು. ಮರುದಿನ ಬೆಳಿಗ್ಗೆ ಮತ್ತೆ ಅದೇ ಗೋಣಿತಾಟಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದೆ.

ಅಲ್ಲಿಗೆ ನನ್ನ ಸ್ವಭಾವ ನನಗೆ ತಿಳಿಯಿತು. ಕೈಯಲ್ಲೊಂದು ಚೀಲ, ಮನಸ್ಸಿನಲ್ಲೊಂದು ಕೆಲಸ ಇದ್ದರೆ ಎಷ್ಟು ದೂರವಾದರೂ ನಡೆದೇನು. ಆರೋಗ್ಯಕ್ಕೆಂದು ನಡೆ ಎಂದರೆ ಬೀದಿಯ ತುದಿಯಲ್ಲೇ ನೆವ ಹುಡುಕುತ್ತೇನೆ. ಆಮೇಲೆ ಮಾಡಿದ್ದೆಲ್ಲ ನೆವಗಳಿಗೆ ದಾರಿ ಮುಚ್ಚುವ ಉಪಾಯವಷ್ಟೇ. ಹಾಲಿಗೆ ಹತ್ತಿರದ ಅಂಗಡಿ ಬಿಟ್ಟು ದೂರದ ಡೇರಿ ಹಿಡಿದೆ. ಜೋಳವನ್ನು ಹಿಟ್ಟಾಗಿ ಕೊಳ್ಳದೆ ಕಾಳಾಗಿ ಕೊಂಡು ಗಿರಣಿಗೆ ಹೊತ್ತೊಯ್ದೆ. ರಜಾದಿನ ಕೋಟೆಗೆ ಹೋದೆ. 1367ರಲ್ಲಿ ಕಟ್ಟಿದ ಜಾಮಿ ಮಸೀದಿ ಅಲ್ಲಿದೆ. ಇಂಥ ಮಸೀದಿಗಳಿಗೆ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇದಕ್ಕಿಲ್ಲ, ಇಡೀ ಕಟ್ಟಡಕ್ಕೆ ಚಾವಣಿಯಿದೆ. ಹೊರಗೆ ಬಿಸಿಲು ಸುಡುವಾಗ ಆ ಕಮಾನುಗಳ ಸಾಲಿನಲ್ಲಿ ಒಳಗೊಳಗೇ ಸುತ್ತಾಡಿದರೆ ಎಷ್ಟು ನಡೆದೆವೆಂಬ ಲೆಕ್ಕವೇ ಸಿಗುವುದಿಲ್ಲ.

ತಾರಸಿಯ ತೋಟಕ್ಕೆ ಕಾರಣ ಅತ್ತೆ. ಮಳೆಗಾಲದಲ್ಲಿ ಊರಿಗೆ ಹೋಗಿ ಹೊರಡುವಾಗ ಒದ್ದೆ ವೃತ್ತಪತ್ರಿಕೆಯಲ್ಲಿ ಸುತ್ತಿದ ಬಸಳೆಯ ತುಂಡುಗಳನ್ನು ಚೀಲಕ್ಕೆ ತುರುಕಿದ್ದರು. ರಾತ್ರಿ ಬಸ್ಸಿನಲ್ಲಿ ಅವು ನನ್ನ ಕಾಲ ಬಳಿಯೇ ಪಯಣಿಸಿದವು. ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿದರೆ ಸಾಕು, ಬಸಳೆ ಬೇರು ಬಿಡುತ್ತದೆ. ಅದು ಗೊತ್ತಿತ್ತು. ಗೊತ್ತಿಲ್ಲದ್ದು ಇಲ್ಲಿಯ ಮಣ್ಣು.

ನಮ್ಮದು ಜಂಬಿಟ್ಟಿಗೆಯ ಕೆಂಪು ನೆಲ. ಸುರಿದ ನೀರು ಸುರಿದ ಹಾಗೆ ಇಳಿದುಹೋಗುತ್ತದೆ. ಇಲ್ಲಿಯದು ಎರೆಮಣ್ಣು. ನೀರು ಕುಡಿದರೆ ಉಬ್ಬಿ ಬೆಣ್ಣೆಯಾಗುತ್ತದೆ, ಚಪ್ಪಲಿಗೆ ಮೆತ್ತಿ ಎರಡಂಗುಲ ಎತ್ತರ ಮಾಡುತ್ತದೆ. ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಹೊಲದಲ್ಲಿ ಈ ಗುಣ ವರವೇ. ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಂಡು ಹಿಂಗಾರಿ ಜೋಳವನ್ನು ಹೆಚ್ಚು ಮಳೆಯಿಲ್ಲದೆಯೂ ಬೆಳೆಸುತ್ತದೆ. ಕುಂಡದಲ್ಲಿ ಮಾತ್ರ ಅದರ ಆಟವೇ ಬೇರೆ. ಒಣಗಿದಾಗ ಮಣ್ಣು ಕುಂಡದ ಗೋಡೆಯಿಂದ ಬಿಟ್ಟುಕೊಂಡು ನಡುವೆ ಹೆಂಟೆಯಾಗಿ ನಿಲ್ಲುತ್ತದೆ, ಹಾಕಿದ ನೀರು ಸುತ್ತಲಿನ ಸಂದಿಯಿಂದ ಜಾರಿ ತಳದ ತೂತಿನಲ್ಲಿ ಹೊರಬೀಳುತ್ತದೆ. ಬೇರಿಗೆ ಹನಿಯೂ ಇಲ್ಲ.

ಪರಿಹಾರ ಸಿಕ್ಕಿದ್ದು ಬ್ಯಾಂಕಿನ ಕೌಂಟರಿನಲ್ಲಿ. ಬೆಳೆಸಾಲ ನವೀಕರಣಕ್ಕೆ ಬಂದಿದ್ದ ಚಿತ್ತಾಪುರದ ಕಡೆಯ ರೈತರೊಬ್ಬರು, ಸಹಿ ಹಾಕುವ ನಡುವೆ ನನ್ನ ಉಗುರಿನ ಸಂದಿಯ ಕಪ್ಪು ನೋಡಿ, "ಮೇಡಂ, ಎರೆ ಒಂದೇ ತುಂಬಬೇಡಿ, ಅದು ಹೊಲದ ಮಣ್ಣು" ಎಂದರು. ಅವರ ಲೆಕ್ಕ ಹೀಗೆ: ಎರೆಮಣ್ಣು ಒಂದು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಮೇಲೊಂದು ಹಿಡಿ ಬೇವಿನ ಹಿಂಡಿ. ತೆಂಗಿನ ನಾಡಿನವಳು ತೆಂಗಿನ ನಾರಿನ ಪುಡಿಯನ್ನು ಕಲಬುರಗಿಯ ಅಂಗಡಿಯಲ್ಲಿ ಇಟ್ಟಿಗೆಯ ಆಕಾರದಲ್ಲಿ ದುಡ್ಡು ಕೊಟ್ಟು ಕೊಂಡೆ. ಊರಿನಲ್ಲಿ ನಾವು ಸಿಪ್ಪೆಯನ್ನು ಬಚ್ಚಲ ಒಲೆಗೆ ಹಾಕುತ್ತೇವೆ. ನಮ್ಮವರಿಗೆ ಬೆಲೆ ಹೇಳಿದಾಗ ಫೋನಿನ ಆ ಕಡೆ ಬಹಳ ಹೊತ್ತು ನಗು.

ಬಸಳೆ ಚಿಗುರಿತು. ಮನೆಯೊಡತಿ ಅವ್ವ ಮೆಟ್ಟಿಲೇರಿ ಬಂದು ಎಲೆಯನ್ನು ಬೆರಳಿನಲ್ಲಿ ಹಿಸುಕಿ ನೋಡಿದರು. ಲೋಳೆ ಕಂಡು ಮುಖ ಕಿವಿಚಿದರು. "ಇದನ್ನೆಲ್ಲ ತಿನ್ನುತ್ತೀಯಾ ತಂಗಿ?" ಎಂದು ಕೇಳಿ, ಮರುದಿನ ಸೆರಗಿನ ಗಂಟಿನಲ್ಲಿ ಪುಂಡಿಯ ಬೀಜ ತಂದು ಖಾಲಿ ಕುಂಡಗಳಿಗೆ ತಾವೇ ಎರಚಿದರು. ಅಂದಿನಿಂದ ತಾರಸಿಯಲ್ಲಿ ಎರಡು ಪಕ್ಷ. ಬಸಳೆಗೆ ನೆರಳು ಬೇಕು, ನೀರು ಬೇಕು, ಏರಲು ಚಪ್ಪರ ಬೇಕು. ಪುಂಡಿಗೆ ಏನೂ ಬೇಡ. ಬಿಸಿಲು ಹೆಚ್ಚಿದಷ್ಟೂ ಕೆಂಪು ದಂಟು ಬಿಟ್ಟುಕೊಂಡು ನೆಟ್ಟಗೆ ನಿಲ್ಲುತ್ತದೆ. ಅವ್ವ ಆ ಸಂಗತಿಯನ್ನು ನನಗೆ ನೆನಪಿಸದ ದಿನವಿಲ್ಲ. ಪುಂಡಿ ಸೊಪ್ಪನ್ನು ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿಯೊಂದಿಗೆ ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಮಾಡುವ ಪಲ್ಯವನ್ನು ಉಂಡ ಮೇಲೆ ನಾನೂ ಎದುರು ಮಾತನಾಡುವುದನ್ನು ಬಿಟ್ಟೆ. ಆ ಹುಳಿಗೆ ಹುಣಸೆಹಣ್ಣು ಬೇಕಿಲ್ಲ. ಪ್ರತಿಯಾಗಿ ನಾನು ತೆಂಗಿನಕಾಯಿ ಅರೆದು ಬಸಳೆಯ ಹುಳಿ ಮಾಡಿ ಕೊಟ್ಟೆ. ಮೊದಲ ಸಲ ಬಟ್ಟಲು ಅರ್ಧ ಉಳಿದು ಬಂತು. ಈಗ ತೊಳೆದು ಬರುತ್ತದೆ. ರುಚಿ ಹೇಗಿತ್ತೆಂದು ಮಾತ್ರ ಇನ್ನೂ ಹೇಳಿಲ್ಲ.

ಮಟ್ಟು ಗುಳ್ಳವನ್ನೂ ಹಾಕಿ ನೋಡಿದೆ. ಉಡುಪಿಯ ಹತ್ತಿರದ ಮಟ್ಟು ಗ್ರಾಮದ ಆ ಹಸಿರು ಬದನೆಗೆ ಭೌಗೋಳಿಕ ಸೂಚಕ ಇದೆ. ವಾದಿರಾಜರು ಬೀಜ ಕೊಟ್ಟರೆಂಬ ಐತಿಹ್ಯವೂ ಇದೆ. ಇಲ್ಲಿಯ ತೊಗರಿ ಬೇಳೆಗೂ ಅಂಥದೇ ಮಾನ್ಯತೆ ಸಿಕ್ಕಿರುವುದರಿಂದ ಎರಡನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಸಾಂಬಾರು ಮಾಡಬೇಕೆಂಬ ಆಸೆ ನನ್ನದು. ಗಿಡ ಬಂತು, ಕಾಯಿಯೂ ಬಂತು. ಸಿಪ್ಪೆ ದಪ್ಪ, ರುಚಿ ಯಾವುದೋ ಬದನೆಯದು. ಸಮುದ್ರದ ಪಕ್ಕದ ಆ ಮಣ್ಣನ್ನು ಬೀಜದ ಪೊಟ್ಟಣದಲ್ಲಿ ಕಟ್ಟಿ ತರಲಾಗುವುದಿಲ್ಲವಲ್ಲ. ತೊಗರಿ ಮಾತ್ರ ಮಾತು ಉಳಿಸಿಕೊಂಡಿತು, ಸಾಂಬಾರು ಚೆನ್ನಾಗಿಯೇ ಆಯಿತು.

ಇನ್ನು ಬೇಸಿಗೆ. ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನನ್ನ ಸಕ್ಕರೆಗೂ ತಾರಸಿಗೂ ಗಂಟು ಬಿದ್ದದ್ದು ಆಗಲೇ.

ಏಪ್ರಿಲ್ ಬಂತೆಂದರೆ ಇಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ದಾಟುತ್ತದೆ. ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬ್ಯಾಂಕಿಗೆ ಆ ಭಾಗ್ಯವಿಲ್ಲ. ಕೊತ್ತಂಬರಿ ಎರಡೆಲೆ ಬಿಡುವಷ್ಟರಲ್ಲಿ ಹೂವಿಗೆ ಬಂದು ಕೈಕೊಟ್ಟಿತು. ಟೊಮೆಟೊ ಗಿಡ ಹಸಿರಾಗಿಯೇ ಇದ್ದರೂ ಹೂವೆಲ್ಲ ಉದುರಿತು. ಅಷ್ಟು ಬಿಸಿಗೆ ಪರಾಗ ಕೆಲಸ ಮಾಡುವುದಿಲ್ಲ. ಬೆಂಡೆ ಮಾತ್ರ ಹಬ್ಬ ಮಾಡಿತು. ಬಸಳೆಯ ಮೇಲೆ ಹಸಿರು ನೆರಳುಬಲೆ ಕಟ್ಟಿಸಿ, ಕುಂಡದ ಬಾಯಿಗೆ ಕಣಕಿಯ, ಅಂದರೆ ಒಣಗಿದ ಜೋಳದ ದಂಟಿನ, ತುಂಡುಗಳನ್ನು ಹೊದಿಸಿದೆ. ಆದರೂ ಎಲೆ ಜೋಲು ಬೀಳುತ್ತಿತ್ತು. ತಾರಸಿಯ ನಲ್ಲಿ ತಿರುಗಿಸಿ ಕೈಯೊಡ್ಡಿದಾಗ ಕಾರಣ ತಿಳಿಯಿತು. ಕಪ್ಪು ಟ್ಯಾಂಕಿನಲ್ಲಿ ದಿನವಿಡೀ ಕಾದ ನೀರು ಕೈ ಸುಡುವಂತಿತ್ತು. ಅದನ್ನು ಬೇರಿಗೆ ಹುಯ್ಯುವುದು ಗಿಡಕ್ಕೆ ಶಿಕ್ಷೆಯೇ.

ತಣ್ಣೀರು ಇದ್ದದ್ದು ಅಂಗಳದ ನೆಲದೊಳಗಿನ ತೊಟ್ಟಿಯಲ್ಲಿ. ಅಲ್ಲಿಂದ ಮೇಲಕ್ಕೆ ಕೊಡದಲ್ಲಿ ಹೊರಬೇಕು. ಬೆಳಿಗ್ಗೆ ಬ್ಯಾಂಕಿನ ಗಡಿಬಿಡಿ. ಸಂಜೆ ಬಂದಾಗ ತಾರಸಿಯ ನೆಲ ಬರಿಗಾಲಿಗೆ ತಾಳದು. ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆದಿಡುವ ಹೊತ್ತಿಗೆ ಕಾಂಕ್ರೀಟು ಸ್ವಲ್ಪ ಆರಿರುತ್ತದೆ. ಹಾಗಾಗಿ ಊಟವಾದ ಬೆನ್ನಿಗೇ ಕೊಡ ಎತ್ತಿಕೊಂಡು ಇಳಿಯುವುದು, ಹತ್ತುವುದು, ಮತ್ತೆ ಇಳಿಯುವುದು. ಕೆಲವು ವಾರ ಕಳೆದ ಮೇಲೆ, ಮೆಟ್ಟಿಲ ತಿರುವಿನಲ್ಲಿ ಕೊಡ ಇಳಿಸಿ ಸುಧಾರಿಸಿಕೊಳ್ಳುವಾಗ ಹೊಳೆಯಿತು: ಊಟದ ಮೇಲೆ ಕೂರಬೇಡಿ ಎಂದು ಡಾಕ್ಟರು ಹೇಳಿದ್ದು ಇದನ್ನೇ ಅಲ್ಲವೇ! ಅವರ ಚೀಟಿಯಲ್ಲಿ ಬರೆದಿದ್ದರೆ ಮಾಡುತ್ತಿರಲಿಲ್ಲ. ಬಸಳೆ ಬಾಡುತ್ತದೆಂದು ಮಾಡುತ್ತಿದ್ದೆ.

ಆ ಹೊತ್ತಿನ ಸುಖವನ್ನು ಎಷ್ಟು ಹೇಳಿದರೂ ಮುಗಿಯದು. ಒಣಗಿದ ಕಣಕಿಯ ಮೇಲೆ ನೀರು ಬಿದ್ದೊಡನೆ ಚಿರಿಚಿರಿ ಸದ್ದು. ಹಿಂದೆಯೇ ಏಳುವ ಮಣ್ಣಿನ ವಾಸನೆ. ಕುಂಡದೊಳಗೆ ಬೆರಳು ತೂರಿಸಿ ಎರಡನೆಯ ಗೆಣ್ಣಿನವರೆಗೂ ತೇವ ಇಳಿದಿದೆಯೇ ಎಂದು ನೋಡುವುದು, ಇಲ್ಲದಿದ್ದರೆ ಇನ್ನರ್ಧ ತಂಬಿಗೆ. ಬೆಂಡೆಯ ಎಲೆ ಮಗುಚಿ, ಬೆಳ್ಳಗೆ ಹತ್ತಿಯ ಹಾಗೆ ಅಂಟಿಕೊಂಡಿರುವ ಹಿಟ್ಟು ತಿಗಣೆಯನ್ನು ಮೊಬೈಲ್ ಬೆಳಕಿನಲ್ಲಿ ಹುಡುಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವುದು. ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಸಿಂಪಡಿಸಿದರೂ ಆಗುತ್ತದೆ. ನನಗೆ ಬ್ರಷ್ಷಿನ ಸೇಡೇ ಇಷ್ಟ. ಅದೇ ಸಮಯಕ್ಕೆ ಅತ್ತೆಯ ಫೋನು. "ಬಸಳೆಗೆ ನೀರು ಹಾಕಿದೆಯಾ?" ಎಂಬುದು ಮೊದಲ ಪ್ರಶ್ನೆ. ಊಟ ಮಾಡಿದೆಯಾ ಎಂಬುದು ಎರಡನೆಯದು, ಅದೂ ನೆನಪಾದರೆ.

ರೊಟ್ಟಿ ಬಡಿಯಲು ಕಲಿಸಿದ್ದೂ ಅವ್ವನೇ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟಿಲ್ಲ, ತಣ್ಣೀರಿನಲ್ಲಿ ಕಲಸಿದರೆ ಬಡಿಯುವಾಗ ಅಂಚು ಒಡೆಯುತ್ತದೆ. ಕುದಿನೀರು ಹುಯ್ದು ಕಲಸಿದರೆ ಹಿಡಿದು ನಿಲ್ಲುತ್ತದೆ. ಬಿಸಿ ಹಿಟ್ಟನ್ನು ಅಂಗೈಯ ಬುಡದಿಂದ ಚೆನ್ನಾಗಿ ನಾದಿ, ಒಣಹಿಟ್ಟು ಉದುರಿಸಿ, ಬಲಗೈಯಿಂದ ತಟ್ಟುತ್ತ ಎಡಗೈ ಬೆರಳಿನಿಂದ ಅಂಚು ಸರಿಪಡಿಸುತ್ತ ತಿರುಗಿಸಬೇಕು. ಹೆಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಅವ್ವ ತಟ್ಟಿದರೆ ರೊಟ್ಟಿ ತಾನೇ ತಿರುಗುತ್ತದೆ. ನನ್ನದು ನಾನು ತಿರುಗಿಸಿದಷ್ಟು. ಗೋಲವಾಗಿರಲಿ ಎಂಬ ಹಟವನ್ನು ಬಿಟ್ಟ ಮೇಲೆ ರೊಟ್ಟಿ ಉಬ್ಬತೊಡಗಿತು.

ಜೋಳ ತಿನ್ನುವವರಿಗೆ ಸಕ್ಕರೆ ಕಾಯಿಲೆ ಇಲ್ಲ ಎಂದು ಇಲ್ಲಿ ಹೇಳುವವರು ಬಹಳ. ಅದನ್ನು ನಾನು ನಂಬುವುದಿಲ್ಲ. ಸಕ್ಕರೆಯ ಡಾಕ್ಟರುಗಳ ಮುಂದೆ ಇಲ್ಲೂ ಸಾಲು ಇದ್ದೇ ಇದೆ, ಜೋಳದಲ್ಲೂ ಪಿಷ್ಟ ಇದ್ದೇ ಇದೆ. ವ್ಯತ್ಯಾಸ ಬೇರೆಡೆ ಇದೆ. ಗಂಜಿಯೂಟ ಜಾರಿಕೊಂಡು ಹೋಗುತ್ತದೆ, ಎಷ್ಟು ಉಂಡೆವೆಂಬುದು ಪಾತ್ರೆ ಖಾಲಿಯಾದ ಮೇಲೇ ತಿಳಿಯುವುದು. ರೊಟ್ಟಿಯನ್ನು ಎಣಿಸಬಹುದು, ಅಗಿಯಲೇಬೇಕು, ಜೊತೆಗೆ ಸೊಪ್ಪು ಕಾಳು ಇಲ್ಲದೆ ಇಳಿಯದು. ಮೇಲಾಗಿ ಒಬ್ಬಳೇ ತಟ್ಟಿ ಒಬ್ಬಳೇ ತಿನ್ನುವಾಗ ಮೂರನೆಯದಕ್ಕೆ ಮತ್ತೆ ಹಿಟ್ಟು ನಾದುವ ಉತ್ಸಾಹ ಯಾರಿಗಿದೆ? ಸೋಮಾರಿತನವೂ ಕೆಲವು ಸಲ ಪಥ್ಯ. ಮುಂದಿನ ವರದಿಯಲ್ಲಿ 5.8 ಬಂತು. ಹೊಸ್ತಿಲ ಮೇಲೇ ಇದ್ದೇನೆ, ಆದರೆ ಈ ಕಡೆಗೆ ಮುಖ ಮಾಡಿ. ಚಹಾಕ್ಕೆ ಸಕ್ಕರೆ ಬಿಟ್ಟದ್ದು ಮಾತ್ರ ಇಂದಿಗೂ ಸಂತೋಷದ ಪಟ್ಟಿಗೆ ಸೇರಿಲ್ಲ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬನ್ನಿ ಎಂದು ಸಹೋದ್ಯೋಗಿಯೊಬ್ಬರು ಕರೆದರು. ಆಳಂದ ರಸ್ತೆಯಲ್ಲಿ ಅವರ ಅಣ್ಣತಮ್ಮಂದಿರ ಜಮೀನು. ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಆಮೇಲೆ ಅಡುಗೆಯ ಒಂದು ಪಾಲನ್ನು ಹೊಲದ ಸುತ್ತ ಎರಚುತ್ತಾರೆ. ಚರಗ ಚೆಲ್ಲುವುದು ಎಂದರೆ ಇದೇ. ಎದೆಯುದ್ದ ನಿಂತ ಜೋಳದ ಬದುವಿನಲ್ಲಿ ಚರಗದ ಬುಟ್ಟಿ ಹಿಡಿದವರ ಹಿಂದೆ ನಾನೂ ಹೊಲವನ್ನು ಸುತ್ತು ಹಾಕಿದೆ. ಸೀರೆಯಂಚಿಗೆ ಎರೆಮಣ್ಣು ಮೆತ್ತಿತು, ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಊಟಕ್ಕೆ ಸಜ್ಜೆಯ ರೊಟ್ಟಿ, ಸಜ್ಜೆಯ ಕಡುಬು, ಅಂಬಲಿ, ಭಜ್ಜಿ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಆ ಕಾಲಕ್ಕೆ ಸಿಗುವ ಸೊಪ್ಪು ತರಕಾರಿಗಳನ್ನೆಲ್ಲ ಒಟ್ಟಿಗೆ ಬೇಯಿಸಿದ ಗಟ್ಟಿ ಪಲ್ಯ. ಎಷ್ಟು ಬಗೆ ಹಾಕಿದ್ದೀರೆಂದು ಮಾಡಿದವರನ್ನು ಕೇಳಿದೆ. ಆಕೆ ಬೆರಳು ಮಡಚುತ್ತ ಹೋಗಿ, ಎರಡೂ ಕೈಯ ಬೆರಳುಗಳು ಮುಗಿದ ಮೇಲೆ ನಕ್ಕು ಸುಮ್ಮನಾದರು. ಹಿಂತಿರುಗುವಾಗ ಚೀಲದ ತುಂಬ ಹಸಿ ತೊಗರಿಕಾಯಿ ಕೊಟ್ಟರು. ಉಪ್ಪು ಹಾಕಿ ಬೇಯಿಸಿ, ಅವ್ವನೂ ನಾನೂ ಮೆಟ್ಟಿಲ ಮೇಲೆ ಕುಳಿತು ಸುಲಿದು ತಿಂದೆವು, ಬಾಯಿ ತುಂಬ ಮಾತು.

ಒಮ್ಮೆ ನಮ್ಮವರು ಬಂದು ಒಂದು ವಾರ ಇದ್ದರು. ಮೊದಲ ಬೆಳಿಗ್ಗೆ ನನ್ನೊಡನೆ ಮಾರುಕಟ್ಟೆಗೆ ನಡೆದು ಬಂದು, ಇಷ್ಟು ದೂರಕ್ಕೆ ಆಟೋ ಇಲ್ಲವೇ ಎಂದರು. ನಾಲ್ಕನೆಯ ಬೆಳಿಗ್ಗೆ ನನ್ನನ್ನು ಎಬ್ಬಿಸದೆ ಹೋಗಿ ಎರಡು ಕಟ್ಟು ಮೆಂತ್ಯೆ ತಂದಿದ್ದರು. ಬೆಲೆ ಕೇಳಿದೆ, ನಾನು ಕೊಡುವುದಕ್ಕಿಂತ ಹೆಚ್ಚೇ ಕೊಟ್ಟಿದ್ದರು. ಹೇಳಲಿಲ್ಲ. ರಾತ್ರಿ ಕೊಡವನ್ನು ನನ್ನ ಕೈಯಿಂದ ತೆಗೆದುಕೊಳ್ಳಲು ಬಂದಾಗ ಮಾತ್ರ ಬಿಡಲಿಲ್ಲ. ನಿಮ್ಮ ಸಕ್ಕರೆ ಸರಿಯಿದೆ, ನೀವು ಕೂತುಕೊಳ್ಳಿ ಎಂದೆ. ಅವರು ಬೆಂಡೆಯ ಪಕ್ಕ ಕುರ್ಚಿ ಹಾಕಿಕೊಂಡು, ಆ ಎಲೆಯಡಿ ಇನ್ನೊಂದು ತಿಗಣೆ ಇದೆ, ಈ ಎಲೆಯಡಿ ಇನ್ನೊಂದು ಇದೆ ಎಂದು ಮೇಲ್ವಿಚಾರಣೆ ನಡೆಸಿದರು.

ಊರಿನ ಕಡೆಗೆ ವರ್ಗಾವಣೆ ಕೋರಿ ಈ ವರ್ಷದ ಅರ್ಜಿ ಹಾಕಿದ್ದೇನೆ. ಅದೇ ವಾರ ಮನೆಯ ಕರಾರುಪತ್ರವನ್ನು ಇನ್ನೂ ಹನ್ನೊಂದು ತಿಂಗಳಿಗೆ ನವೀಕರಿಸಿಯೂ ಆಗಿದೆ. ಅವ್ವ ಬಾಡಿಗೆಯನ್ನು ಐನೂರು ರೂಪಾಯಿ ಏರಿಸಿದರು. ಏಕೆಂದು ಕೇಳಿದರೆ, ನಿನ್ನ ಬಸಳೆ ಕುಡಿಯುವ ನೀರಿಗೆ ಎಂದರು. ಪುಂಡಿಯ ನೀರು ಯಾರ ಲೆಕ್ಕಕ್ಕೆ ಎಂದು ಕೇಳಿದೆ. ಅದಕ್ಕೆ ನೀರೇ ಬೇಡವಲ್ಲ ತಂಗಿ ಎಂದು ಹೇಳಿ ಸಹಿ ಹಾಕಿದರು.